ನೀರು ಕುಡಿಯದ ಜೋಳ

ಗಡಿಯಾಚೆ, ಸೋಮವಾರ

ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಇಪ್ಪತ್ತಮೂರು ವರ್ಷದಲ್ಲಿ ಕರ್ನಾಟಕದ ಹೊರಗೆ ಕಾಲಿಟ್ಟದ್ದು ಇದೇ ಮೊದಲು. ಆದ್ದರಿಂದ ಬೀದರಿನಿಂದ ಜಹೀರಾಬಾದಿಗೆ ಹೊರಟ ಬಸ್ಸಿನಲ್ಲಿ ಕೂತು, ದೂರದ ದೇಶಕ್ಕೆ ಹೋಗುವವರ ಗಾಂಭೀರ್ಯದಿಂದಲೇ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವಾರ, ಗಂಟೆ, ಹವಾಮಾನ ಬರೆದುಕೊಂಡೆ. ಗಡಿ ದಾಟಿದ ಮೇಲೆ ಕಂಡ ತೆಲುಗು ಬೋರ್ಡುಗಳನ್ನು ಎಣಿಸುತ್ತಾ ಹೋದೆ. ನಲವತ್ತೊಂದಕ್ಕೆ ಲೆಕ್ಕ ತಪ್ಪಿತು.

ಮೊದಲ ಆಘಾತ ಆದದ್ದು ಜಹೀರಾಬಾದಿನ ಬಸ್ ನಿಲ್ದಾಣದ ಹೊರಗೆ. ಎರಡು ದಿನದಿಂದ ಬಾಯಿಪಾಠ ಮಾಡಿದ್ದ ತೆಲುಗು ವಾಕ್ಯವನ್ನು ಒಬ್ಬ ಆಟೋದವನ ಮುಂದೆ ಒಪ್ಪಿಸಿದೆ. ಅವನು ಪೂರ್ತಿ ಕೇಳಿ, "ನೀವು ಎಲ್ಲಿಗಿ ಹೋಗಬೇಕ್ರಿ, ಅದರಾ ಹೇಳ್ರಿ" ಅಂದ. ಹಿಂದೆ ಕೂತವರಿಗೆ ಸರಿದುಕೊಳ್ಳಲು ತೆಲುಗಿನಲ್ಲಿ ಗದರಿದ. ಫೋನಿನಲ್ಲಿ ಯಾರಿಗೋ ಉರ್ದುವಿನಲ್ಲಿ ಸುಳ್ಳು ಹೇಳಿದ. ಒಂದು ನಿಮಿಷಕ್ಕೆ ಮೂರು ಭಾಷೆ ಎಂದು ಗುರುತು ಹಾಕಿಕೊಂಡೆ. ನಮ್ಮ ತುಮಕೂರಿನಲ್ಲಿ ನನಗೆ ಒಂದು ಭಾಷೆಯಲ್ಲೇ ಸುಳ್ಳು ಹೇಳಲು ಕಷ್ಟ.

ನಾನು ಬಂದದ್ದು ಕೆಲಸದ ಮೇಲೆ. ಗಾಜಿಗೆ ಬಳಿಯುವ ಒಂದು ದ್ರವ ತಯಾರಿಸುವ ಚಿಕ್ಕ ಕಾರ್ಖಾನೆಯಲ್ಲಿ ನಾನು ಪರೀಕ್ಷೆಯ ವಿಭಾಗದವಳು. ಅದನ್ನು ಬಳಿದ ಮೇಲೆ ನೀರು ಗಾಜಿಗೆ ಅಂಟುವುದಿಲ್ಲ. ಕೂದಲನ್ನು ಸಾವಿರಾರು ಸೀಳಾಗಿ ಸೀಳಿದರೆ ಒಂದೊಂದು ಎಷ್ಟು ಸಣ್ಣದೋ ಅಷ್ಟು ಸಣ್ಣ ಕಣಗಳು ಮೇಲ್ಮೈ ತುಂಬ ಮೊನೆ ಮೊನೆಯಾಗಿ ನಿಲ್ಲುತ್ತವೆ. ನೀರಿನ ಹನಿ ಆ ಮೊನೆಗಳ ತುದಿಯ ಮೇಲಷ್ಟೇ ಕೂರುತ್ತದೆ, ಕೆಳಗೆ ಗಾಳಿ ಇರುತ್ತದೆ. ಅದಕ್ಕೇ ಹನಿ ಹರಡದೆ ಗುಂಡಗೆ ಉರುಳಿ, ದಾರಿಯ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಇದನ್ನು ಬಳಿದ ಸೋಲಾರ್ ಪ್ಯಾನೆಲ್‌ಗಳು ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನಲ್ಲಿದ್ದವು. ಮಳೆಗಾಲ ಮುಗಿಯುವ ಮುಂಚೆ ಅವುಗಳ ಮೇಲೆ ನೀರು ಈಗಲೂ ಉರುಳುತ್ತದೆಯೇ ಎಂದು ನೋಡಿ ಬರುವುದು ನನ್ನ ಪಾಲಿಗೆ ಬಂದಿತ್ತು.

ಉಳಿದುಕೊಂಡದ್ದು ಜಹೀರಾಬಾದಿನ ಹತ್ತಿರದ ಹಳ್ಳಿಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಅಂಬಿಕಾಳ ತಾಯಿ ನೀಲಮ್ಮನವರ ಮನೆಯಲ್ಲಿ. ಎತ್ತರದ ಆಳು, ಹಣೆ ತುಂಬ ವಿಭೂತಿ. ಎರಡು ಎಕರೆ ಕರಿ ಹೊಲವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಸಂಜೆ ಚಹಾ ಆದ ಮೇಲೆ, "ನಮ್ಮ ಅಂಬಿ ಅದೇನೋ ನೀರು ಓಡಸೋ ಎಣ್ಣಿ ಮಾಡ್ತಾಳಂತ, ಏನದು?" ಎಂದು ಕೇಳಿದರು. ಚೀಲದಿಂದ ಬಾಟಲಿ ತೆಗೆದು ನೆಲದ ತಾಂಡೂರು ಕಲ್ಲಿನ ಒಂದು ಮೂಲೆಗೆ ಬಳಿದೆ. ಒಣಗಿದ ಮೇಲೆ ತಂಬಿಗೆಯಿಂದ ನೀರು ಸುರಿದೆ. ನೀರು ಪಾದರಸದಂತೆ ಗುಂಡುಗುಂಡಾಗಿ ಬಾಗಿಲಿಗೆ ಓಡಿತು. ಕಲ್ಲು ಒಣಗಿದ್ದು ಒಣಗಿದಂತೇ ಇತ್ತು.

"ಶಿವನೇ! ತಾವರಿ ಎಲಿ ಮ್ಯಾಲ ಓಡಿದಂಗ ಓಡ್ತದಲ್ಲ!" ಎಂದು ನೀಲಮ್ಮ ಬಾಯಿಗೆ ಸೆರಗು ಹಿಡಿದರು. "ಥಂಡಿ ಹಿಡಿಯೂದಾ ಇಲ್ಲೇನು ಇದಕ್ಕ?"

"ಇಲ್ಲವ್ವಾ, ತೇವ ಹಿಡಿಯೋದೇ ಇಲ್ಲ. ಐದು ವರ್ಷ ಗ್ಯಾರಂಟಿ," ಎಂದು ನಾನು ಹೆಮ್ಮೆಯಿಂದ ಹೇಳಿದೆ. ಆ ಮಾತನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಜಹೀರಾಬಾದ್, ಮಂಗಳವಾರ

ಹಗಲೆಲ್ಲ ಒಂದು ಶಾಲೆಯ ಮಾಳಿಗೆಯ ಮೇಲೆ ಕಳೆದೆ. ಇಪ್ಪತ್ತು ಪ್ಯಾನೆಲ್‌ಗಳಲ್ಲಿ ಇಪ್ಪತ್ತರ ಮೇಲೂ ನೀರು ಉರುಳಿತು. ಸಂತೋಷದಿಂದ ಹಿಂತಿರುಗಿದಾಗ ನೀಲಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಎದುರಿಗೆ ದೊಡ್ಡ ಮೊರ, ಮೊರದ ತುಂಬ ಜೋಳ. ಪಕ್ಕದಲ್ಲಿ ನನ್ನ ಬಾಟಲಿ, ಖಾಲಿ.

"ಬಾ ಯವ್ವಾ," ಅಂದರು. "ನಿನ್ನ ಎಣ್ಣಿ ಪುರಾ ಖರ್ಚು ಮಾಡೀನಿ, ಸಿಟ್ಟಾಗಬ್ಯಾಡ. ಬೀಜಕ್ಕ ಹಚ್ಚೀನಿ."

ಇಲ್ಲಿನವರು ಬಿತ್ತನೆಯ ಕಾಳಿಗೆ ಹರಳೆಣ್ಣೆ ಸವರಿ, ಬೂದಿ ಬೆರೆಸಿ, ಸಗಣಿ ಸಾರಿಸಿದ ಬುಟ್ಟಿಯಲ್ಲಿ ಇಡುತ್ತಾರೆ. ಹುಳ ಬೀಳುವುದಿಲ್ಲ, ತೇವ ಹಿಡಿಯುವುದಿಲ್ಲ. ಈ ವರ್ಷ ಮಳೆ ಬಿಡದೆ ಹಿಡಿದಿತ್ತು. ಹಿಂಗಾರಿ ಬಿತ್ತನೆಗೆ ಎಂಟು ದಿನ ಉಳಿದಿತ್ತು. ಬುಟ್ಟಿ ಬಿಚ್ಚಿ ನೋಡಿದರೆ ಕಾಳು ಸ್ವಲ್ಪ ಮೆತ್ತಗಾದಂತೆ ಕಂಡಿತಂತೆ. ಬಿಸಿಲಿಗೆ ಹಾಕಿ ಒಣಗಿಸಿ, ಮತ್ತೆ ಎಣ್ಣೆ ಸವರುವ ಹೊತ್ತಿಗೆ ನನ್ನ ಬಾಟಲಿ ನೆನಪಾಗಿದೆ. ಥಂಡಿ ಹಿಡಿಯದ ಎಣ್ಣೆ ಮನೆಯಲ್ಲೇ ಇರುವಾಗ ಹರಳೆಣ್ಣೆ ಯಾಕೆ? ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ತಪ್ಪು ಇದ್ದದ್ದು, ಏನನ್ನೂ ವಿವರಿಸದೆ ಬಾಟಲಿ ಬಿಟ್ಟುಹೋದ ನನ್ನಲ್ಲಿ.

"ಎಲ್ಲದಕ್ಕೂ ಹಚ್ಚಿದಿರಾ?"

"ಪುರಾ ನಾಕು ಕಿಲೋಕ್ಕ."

ನಾನು ತಂಬಿಗೆಯಲ್ಲಿ ನೀರು ತಂದು ಒಂದು ಹಿಡಿ ಕಾಳು ಹಾಕಿದೆ. ಎಲ್ಲವೂ ತೇಲಿದವು. ಬೆರಳಿನಿಂದ ಒಂದನ್ನು ಒತ್ತಿ ಕೆಳಗೆ ತಳ್ಳಿದೆ. ಆಗ ಕಂಡದ್ದನ್ನು ಮರೆಯಲಾರೆ. ನೀರಿನೊಳಗೆ ಜೋಳದ ಕಾಳು ಬೆಳ್ಳಿಯಾಯಿತು. ಸುತ್ತ ಗಾಳಿಯ ಪೊರೆ ಹೊದ್ದು ಥಳಥಳ ಹೊಳೆಯಿತು. ಬೆರಳು ತೆಗೆದರೆ ಮೇಲೆ ಬಂತು. ಒರೆಸಿ ನೋಡಿದರೆ ಒಣಗಿದ ಕಾಳು. ಕಾರ್ಖಾನೆಯಲ್ಲಿ ಇಂಥದ್ದನ್ನು ಗಾಜಿನ ಚೂರಿನ ಮೇಲೆ ನೂರು ಸಲ ನೋಡಿ ಚಪ್ಪಾಳೆ ತಟ್ಟಿದ್ದೇನೆ. ಇಲ್ಲಿ ಇನ್ನೊಂದು ಹಿಡಿ ಕಾಳು ಹಾಕಿ ನೋಡಿದೆ, ಅವೂ ತೇಲಿದವು.

ನೀಲಮ್ಮ ಬಗ್ಗಿ ನೋಡಿದರು. ವಿವರಿಸಬೇಕಾಗಲೇ ಇಲ್ಲ.

"ನೀರು ಕುಡೀಲಿಲ್ಲಂದ್ರ ಮೊಳಕಿ ಹೆಂಗ ಬರ್ತದ?" ಎಂದು ನಿಧಾನವಾಗಿ ಕೇಳಿದರು.

ಅದು ಅವರ ಅತ್ತೆ ಕೊಟ್ಟ ಜೋಳ. ಬಿತ್ತಿದ ಮೇಲೆ ಮಳೆ ಕೇಳುವುದಿಲ್ಲ. ನೆಲದ ತಂಪು, ಬೆಳಗಿನ ಇಬ್ಬನಿ ಇಷ್ಟರಲ್ಲೇ ತೆನೆ ಕಟ್ಟುತ್ತದೆ. ರೊಟ್ಟಿ ಮೂರು ದಿನ ಮೆತ್ತಗಿರುತ್ತದೆ. ಊರಿನವರೆಲ್ಲ ಸೋಯಾ, ಹತ್ತಿ, ಕಬ್ಬಿಗೆ ಹೋಗಿ ಈ ಬೀಜ ಬಿಟ್ಟು ಮೂರು ವರ್ಷವಾಗಿತ್ತು. ಉಳಿದದ್ದು ಈ ಮೊರದಲ್ಲಿ ಇದ್ದಷ್ಟೇ. ಇಬ್ಬನಿ ಕುಡಿದು ಬದುಕುವ ಜೋಳ ತಂಬಿಗೆ ನೀರಿನಲ್ಲೂ ಒಣಗಿ ಕೂತಿತ್ತು.

ಕಾರ್ಖಾನೆಯ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ತೆಗೆಯೋದಾ? ಅದು ಹೋಗಲ್ಲ ಅಂತಲೇ ನಾವು ಮಾರೋದು ಕಣಮ್ಮ," ಅಂದರು. ಆಮೇಲೆ, "ಕೋಳಿ ತಿನ್ನದ ಹಾಗೆ ನೋಡ್ಕೊಂಡು ಹೂತುಬಿಡಿ," ಅಂದರು.

ಜಹೀರಾಬಾದ್, ಗುರುವಾರ

ಬಿತ್ತುವ ಮುಂಚೆ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಜಗಲಿಯ ಗೂಡಿನಲ್ಲಿಟ್ಟು, ಎಷ್ಟು ಮೊಳೆತವು ಎಂದು ನೋಡುವುದು ಇಲ್ಲಿನ ಪದ್ಧತಿ. ಎಣಿಸುವ ಕೆಲಸ ನನಗೆ ಬಂತು. ಮಂಗಳವಾರ ಸಂಜೆ ಮೂರು ಗಂಟು ಕಟ್ಟಿದ್ದೆ. ಒಂದರಲ್ಲಿ ದ್ರವ ಹಚ್ಚಿದ ನೂರು ಕಾಳು. ಎರಡನೆಯದರಲ್ಲಿ, ಅಂಥವೇ ನೂರನ್ನು ಬಟ್ಟೆ ಸೋಪಿನ ಪುಡಿಯ ನೀರಿನಲ್ಲಿ ನೆನೆಸಿಟ್ಟದ್ದು, ಏಕೆಂದರೆ ಸೋಪಿನ ನೀರು ಆ ಮೊನೆಗಳ ನಡುವೆ ನುಗ್ಗುತ್ತದೆ; ಮೊನೆಗಳ ವಿಷಯವನ್ನು ನೀಲಮ್ಮನವರಿಗೂ ಆಗಲೇ ಬಿಡಿಸಿ ಹೇಳಿದ್ದೆ. ಮೂರನೆಯದರಲ್ಲಿ ಬುಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡು ನನ್ನ ಬಾಟಲಿಯಿಂದ ಪಾರಾಗಿದ್ದ ಹನ್ನೊಂದು ಕಾಳು.

ಗುರುವಾರ ಸಂಜೆ ಬಿಚ್ಚಿದೆವು. ಮೊದಲನೆಯದರಲ್ಲಿ ಮೂರು ಮೊಳಕೆ. ಎರಡನೆಯದರಲ್ಲಿ ಹದಿನಾಲ್ಕು, ಉಳಿದವು ಲೋಳೆಯಾಗಿ ವಾಸನೆ ಬರುತ್ತಿದ್ದವು. ಪಾರಾದ ಹನ್ನೊಂದರಲ್ಲಿ ಹತ್ತು ಬಾಲ ಬಿಟ್ಟುಕೊಂಡು ನಗುತ್ತಿದ್ದವು. ಬೀಜ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ನಾವು.

ನೂರಕ್ಕೆ ಅರ್ಧ ಮೊಳೆಯದ ಬೀಜ ಬಿತ್ತಬಾರದು ಎಂಬುದು ಅವರ ಅತ್ತೆಯ ಕಟ್ಟಳೆ. ನೀಲಮ್ಮ ಆ ಹತ್ತು ಮೊಳಕೆಗಳನ್ನು ತುಳಸಿ ಕಟ್ಟೆಯ ಮಣ್ಣಿನಲ್ಲಿ ಊರಿ, ಕೈ ತೊಳೆದುಕೊಂಡು, "ನಾಳಿ ನನ್ನ ತಂಗಿ ಊರಿಗಿ ಹೋಗಿ ಬರ್ತೀನಿ. ಆಕಿ ಬಲ್ಲಿ ಈ ಬೀಜ ಇದ್ದರೂ ಇರಬೇಕು," ಅಂದರು. ತಂಗಿ ಇದ್ದದ್ದು ಸಿರ್ಗಾಪುರದಲ್ಲಿ, ನಾರಾಯಣಖೇಡದ ಆಚೆ. ನನ್ನ ದಾರಿಯೂ ಅದೇ. ಹೆದರಿಕೆಯಿಂದಲೇ ಜೊತೆಗೆ ಬರುತ್ತೇನೆಂದೆ. ಬೈಯದೆ ಇದ್ದದ್ದು ಬೈದದ್ದಕ್ಕಿಂತ ಭಾರವಾಗಿತ್ತು.

ನಾರಾಯಣಖೇಡ್, ಶುಕ್ರವಾರ

ಸಿರ್ಗಾಪುರದ ತಂಗಿ ಬಾಗಿಲಲ್ಲೇ ನಕ್ಕರು. "ಆ ಜೋಳ ಯಾರ ಬಲ್ಲಿ ಅದಾವ ಈಗ? ನಾ ಪ್ಯಾಕೀಟಿನ ಬೀಜ ತರ್ತೀನಿ. ಅಕ್ಕಾ, ನೀ ಇನ್ನ ಹಳೀ ಕಾಲದಾಗ ಇದ್ದಿ." ನಂತರ ಕಾರಣ ಕೇಳಿ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ಯಾವ ಅಂಕಣದಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಊಟಕ್ಕೆ ಹಾಕಿದ ರೊಟ್ಟಿ ಐದು, ಮಾತು ಸೊನ್ನೆ.

ಹಿಂತಿರುಗುವಾಗ ನಾರಾಯಣಖೇಡದ ಹೊರಗೆ ಪ್ಯಾನೆಲ್ ನೋಡಲು ಇಳಿದೆವು. ಹದಿನಾರಕ್ಕೆ ಹದಿನಾರೂ ಸರಿಯಾಗಿದ್ದವು. ಕೆಲಸ ಮುಗಿಯುವಷ್ಟರಲ್ಲಿ ಮಳೆ ಸುರಿಯಿತು. ಹುಣಸೆ ಮರದ ಕೆಳಗೆ ಓಡಿದೆವು. ಅಲ್ಲಿ ಸುಮಾರು ಅರವತ್ತು ಕುರಿಗಳ ನಡುವೆ (ಎಣಿಸಿದರೆ ಕುರಿಯವರಿಗೆ ಸೇರುವುದಿಲ್ಲ ಎಂದು ನೀಲಮ್ಮ ನನ್ನ ಬೆರಳು ಹಿಡಿದು ಇಳಿಸಿದರು) ಒಬ್ಬ ಮುದುಕ ಕಂಬಳಿಯ ಕೊಪ್ಪೆ ಹಾಕಿಕೊಂಡು ಕೂತಿದ್ದ. ಹೆಸರು ಮಲ್ಲಣ್ಣ. ನನ್ನ ಪ್ಲಾಸ್ಟಿಕ್ ರೇನ್‌ಕೋಟಿನ ಒಳಗೆ ಬೆವರು, ಹೊರಗೆ ಮಳೆ. ಅವನ ಕಂಬಳಿಯ ಮೇಲೆ ಹನಿಗಳು ಗುಂಡಗೆ ಕೂತು ಜಾರುತ್ತಿದ್ದವು.

ನಾನು ಬೆರಳಿನಿಂದ ಮುಟ್ಟಿ ನೋಡಿದೆ. "ಇದಕ್ಕೆ ಏನು ಹಚ್ಚಿದ್ದೀರಿ?"

"ಹುಣಸಿ ಬೀಜದ ಗಂಜಿ ರೀ ಮೇಡಮ್. ಕುರಿ ಉಣ್ಣೆದಾಗ ಅದರದಾ ಜಿಡ್ಡು ಇರ್ತದ. ನಿಮ್ಮ ಕೋಟು ಏನ್ ಮಾಡ್ತದ? ಒಳಗಾ ತೊಯ್ಸಾಕತ್ತದಲ್ಲ!" ಎಂದು ಬೊಚ್ಚು ಬಾಯಿ ತೆರೆದು ನಕ್ಕ.

ನೀಲಮ್ಮ ನಗಲಿಲ್ಲ. ಅವನ ಎಡ ಹೆಗಲಿನ ಕಡೆ ಕೈ ತೋರಿಸಿದರು. ಅಲ್ಲಿ ಅಂಗೈಯಗಲದ ಜಾಗ ಮಾತ್ರ ಕಪ್ಪಗೆ ತೊಯ್ದಿತ್ತು.

"ಮಲ್ಲಣ್ಣಾ, ಅಲ್ಲ್ಯಾಕ ನೀರು ಹಿಡದದ?"

"ಅಲ್ಲಿ ಬಡಗಿ ಇಟ್ಕೋತೀನಲ್ಲಕ್ಕಾ," ಎಂದು ಕೈಯಲ್ಲಿದ್ದ ಕೋಲು ಎತ್ತಿ ತೋರಿಸಿದ. "ಹಗಲೆಲ್ಲ ತಿಕ್ಕಿ ತಿಕ್ಕಿ ಗಂಜೀನೂ ಹೋಗ್ಯಾದ, ಜಿಡ್ಡೂ ಹೋಗ್ಯಾದ. ತಿಕ್ಕಿದಲ್ಲಿ ನೀರು ಕುಡೀತದ."

ಮಳೆ ನಿಲ್ಲುವವರೆಗೂ ನೀಲಮ್ಮ ಆ ಹೆಗಲನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಮೆಲ್ಲಗೆ, "ನಿನ್ನ ಎಣ್ಣಿ ಮೊನಿ ಮೊನಿ ಇರ್ತದಂದಿ. ಮೊನಿ ಮುರಿಯೂದಿಲ್ಲೇನು?" ಎಂದು ಕೇಳಿದರು.

ನಾನು ಗ್ಯಾರಂಟಿ ಕಾಗದದ ಮಾತನ್ನೇ ಹೇಳಿದೆ. ಅದರಲ್ಲಿ ಮಳೆ, ಬಿಸಿಲು, ಧೂಳು ಎಂದಿತ್ತು. ತಿಕ್ಕುವುದರ ಬಗ್ಗೆ ಏನೂ ಇರಲಿಲ್ಲ. ಆ ಕಾಗದವನ್ನು ನಾನೇ ಟೈಪ್ ಮಾಡಿದ್ದೆ.

ತಾಂಡೂರು, ಶನಿವಾರ

ತಾಂಡೂರಿಗೆ ಇಳಿದವರ ಮೊದಲ ಅನುಭವ ಬಿಳಿ ಪುಡಿ. ಕಲ್ಲು ಕೊಯ್ಯುವ, ಹೊಳಪು ಕೊಡುವ ಅಂಗಳಗಳ ಧೂಳು ಮರ, ಎಮ್ಮೆ, ಚಹಾದ ಲೋಟ ಯಾವುದನ್ನೂ ಬಿಟ್ಟಿಲ್ಲ. ನಮ್ಮ ಪ್ಯಾನೆಲ್‌ಗಳಿದ್ದದ್ದು ಅಂಥದ್ದೇ ಒಂದು ಅಂಗಳದ ತಗಡಿನ ಮೇಲೆ. ಮೊನೆಯ ಪ್ರಶ್ನೆ ತಲೆಯಿಂದ ಹೋಗದ ನೀಲಮ್ಮ ನನ್ನ ಜೊತೆಗೇ ಬಂದಿದ್ದರು. ಏಣಿ ಹತ್ತಿ ನೀರು ಸುರಿದೆ. ಹನ್ನೆರಡು ಪ್ಯಾನೆಲ್‌ಗಳಲ್ಲಿ ಹನ್ನೆರಡರ ಮೇಲೂ ನೀರು ಅಂಟಿ, ಹರಡಿ, ಸೋಮಾರಿಯ ಹಾಗೆ ಮಲಗಿತು. ಒಂದು ಹನಿಯೂ ಉರುಳಲಿಲ್ಲ. ಮತ್ತೆ ಸುರಿದೆ. ಐದು ವರ್ಷದ ಗ್ಯಾರಂಟಿಗೆ ಇನ್ನೂ ಐದು ತಿಂಗಳೂ ತುಂಬಿರಲಿಲ್ಲ.

ಅಂಗಳದ ಮೇಸ್ತ್ರಿ ರಹೀಂ ಮಿಯಾ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಕ್ಯಾ ಹುವಾ ಮೇಡಮ್? ಸಾಫ್ ಇಲ್ಲೇನ್ರಿ? ರೋಜ್ ತಿಕ್ಕಸ್ತೀನಿ ನಾನು. ಕಲ್ಲಿನ ರಾಡಿ, ಗೋಣಿ ತಟ್ಟು. ಕನ್ನಡಿ ಆಗಿಬಿಟ್ಟದ!"

"ತಿಕ್ಕಬಾರದಿತ್ತು! ಮಳೆನೇ ತೊಳೀತದೆ ಅಂತ ಹೇಳಿದ್ದೆವಲ್ಲ!"

"ಮಳಿ ಬಂದಾಗ ತೊಳೀತದ, ಖರೇ. ಮಳಿ ಬರದಾಗ? ನಮ್ಮ ಧೂಳು ನೋಡೀರೇನು? ಅದಕ್ಕ ನೀವು ಗ್ಯಾರಂಟಿ ಕೊಡ್ತೀರೇನು?"

ನಾನು ತಲೆ ಹಿಡಿದು ಏಣಿಯ ಮೇಲೇ ಕೂತೆ. ಕೆಳಗೆ ನೀಲಮ್ಮ ಆಗಲೇ ಬಗ್ಗಿ ಕಲ್ಲು ಕೊಯ್ದ ರಾಡಿ ಒಣಗಿದ ಪುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಿದ್ದರು. ಹಿಟ್ಟಿನಷ್ಟು ನುಣುಪು, ಆದರೂ ಕಚ್ಚುವ ಗುಣ. ಸೊಂಟದ ಚೀಲದಿಂದ ತಂಗಿಗೆ ತೋರಿಸಲು ತಂದಿದ್ದ ಜೋಳವನ್ನು ಒಂದು ಒರಟು ಹಾಸುಗಲ್ಲಿನ ಮೇಲೆ ಸುರಿದು, ಪುಡಿ ಹಾಕಿ, ಅಂಗೈ ಊರಿ ತಿಕ್ಕತೊಡಗಿದರು.

ಹೊಳಪು ಕೊಡುವ ಯಂತ್ರದಲ್ಲಿ ಒಂದು ಕ್ಷಣದಲ್ಲಿ ಆಗುತ್ತದೆ ಎಂದು ರಹೀಂ ಮಿಯಾ ಒಂದು ಹಿಡಿ ತೆಗೆದುಕೊಂಡು ಹೋದರು. ಬಂದದ್ದು ರವೆ. "ಅಕ್ಕಾ, ಉಪ್ಪಿಟ್ಟು ಮಾಡ್ರಿ," ಎಂದು ತಮ್ಮ ಸೋಲಿಗೆ ತಾವೇ ನಕ್ಕರು.

ನೀಲಮ್ಮ ನಿಲ್ಲಿಸಲಿಲ್ಲ. ಜಾಸ್ತಿ ಒತ್ತಿದರೆ ಮೊಳಕೆಯ ಕಣ್ಣು ಹಾರುತ್ತದೆ, ಕಡಿಮೆ ಒತ್ತಿದರೆ ನನ್ನ ಎಣ್ಣೆ ಉಳಿಯುತ್ತದೆ. ಕಾಲು ಗಂಟೆಗೊಮ್ಮೆ ನಾನು ಹತ್ತು ಕಾಳು ತೆಗೆದು ನೀರಿಗೆ ಹಾಕುತ್ತಿದ್ದೆ. ಮೊದಲ ಸಲ ಹತ್ತೂ ತೇಲಿದವು. ಎರಡನೆಯ ಸಲ ಎರಡು ಮುಳುಗಿದವು. ಮೂರನೆಯ ಸಲ ಆರು. ನಾಲ್ಕನೆಯ ಸಲ ತೇಲಿದ್ದು ಒಂದೇ, ಉಳಿದವುಗಳಲ್ಲಿ ಬೆಳ್ಳಿ ಎಂಬುದೇ ಇರಲಿಲ್ಲ. ಒಂಬತ್ತು ಕಾಳು ಬಣ್ಣಗೆಟ್ಟು, ಒದ್ದೆಯಾಗಿ, ತಂಬಿಗೆಯ ತಳದಲ್ಲಿ ಬಿದ್ದಿದ್ದವು.

ನೀರಿನಲ್ಲಿ ಏನೋ ಮುಳುಗಿದ್ದಕ್ಕೆ ನಾನು ಜೀವನದಲ್ಲಿ ಮೊದಲ ಸಲ ಕೂಗಿ ಕುಣಿದೆ. ರಹೀಂ ಮಿಯಾ ಒಂದು ಗೋಣಿ ಪುಡಿ ಕಟ್ಟಿಕೊಟ್ಟರು. ಬಸ್ಸಿನ ಕಂಡಕ್ಟರ್, "ತಾಂಡೂರಿಂದ ಕಲ್ಲು ಒಯ್ತಾರ, ತೊಗರಿ ಒಯ್ತಾರ. ಧೂಳು ಒಯ್ಯೋರನ್ನ ಇವತ್ತಾ ನೋಡೀನಿ," ಅಂದ.

ಮತ್ತೆ ಜಹೀರಾಬಾದ್, ಭಾನುವಾರದಿಂದ

ನಾಲ್ಕು ಕಿಲೋ ಎಂದರೆ ಕಾಳು ಲಕ್ಷ ಮೀರುತ್ತದೆ. ಒಂದು ಹಿಡಿಗೆ ಒಂದು ಗಂಟೆ. ನಾನು ಕಾಗದದ ಮೇಲೆ ಭಾಗಿಸಿ, ಗುಣಿಸಿ, ಬುಧವಾರದೊಳಗೆ ಇಬ್ಬರಿಂದ ಆಗದು ಎಂದು ತೋರಿಸಿದೆ. ನೀಲಮ್ಮ ಕಾಗದ ನೋಡದೆ ಓಣಿಗೆ ಹೋಗಿ, "ಬರ್ರೇ, ನಮ್ಮ ಮನ್ಯಾಗ ಬೀಜ ತಿಕ್ಕೂದದ," ಎಂದು ಕರೆದರು.

ಹನ್ನೊಂದು ಹೆಂಗಸರು ಬಂದರು. ಮೂಗಿಗೆ ಸೆರಗು ಕಟ್ಟಿಕೊಂಡು ಅಂಗಳದ ಹಾಸುಗಲ್ಲುಗಳ ಮೇಲೆ ಕೂತರು. ನನ್ನ ಬಾಟಲಿಯ ಕಥೆಯನ್ನು ಪ್ರತಿಯೊಬ್ಬರೂ ಮೊದಲಿನಿಂದ ಹೇಳಿಸಿಕೊಂಡರು. ನಾನು ಹನ್ನೊಂದು ಸಲ ನಾಚಿದೆ.

"ಬೀಜಕ್ಕ ರೇನ್‌ಕೋಟು ಹಾಕೀದಿ ನೋಡು, ನೀಲವ್ವಾ," ಎಂದು ಒಬ್ಬಾಕೆ.

"ಇನ್ನ ನೀ ಹಾಕ್ಕೊಂಡ್ರ ಜಳಕಾನಾ ಬ್ಯಾಡ," ಎಂದು ಇನ್ನೊಬ್ಬಾಕೆ.

ಭಾನುವಾರವೇ, ತಿಕ್ಕಿದ ಮೊದಲ ಹಿಡಿಯಿಂದ ನೂರು ಕಾಳು ಗಂಟು ಕಟ್ಟಿ ಗೂಡಿನಲ್ಲಿಟ್ಟಿದ್ದೆ. ಮಂಗಳವಾರ ಸಂಜೆ ಕೊನೆಯ ಹಿಡಿ ಮುಗಿದಾಗ ಎಲ್ಲರ ಎದುರು ಬಿಚ್ಚಿದೆ. ಅರವತ್ತನಾಲ್ಕು. ಎರಡನೆಯ ಸಲ ಎಣಿಸಿದಾಗಲೂ ಅರವತ್ತನಾಲ್ಕು.

"ನಮ್ಮ ಅತ್ತಿ ಒಪ್ಕೊಂಡ್ಳು," ಅಂದರು ನೀಲಮ್ಮ. ಅಷ್ಟೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು, ಬಿಳಿ ಪುಡಿ ಮುಖ ತುಂಬ ಹರಡಿತು.

ನನಗೆ ಕೊನೆಯ ಆಘಾತ ಕಾದಿತ್ತು. ಹೆಂಗಸರು ಏಳುವ ಹೊತ್ತಿಗೆ ನೀಲಮ್ಮ ಆ ಜೋಳದಿಂದಲೇ ಒಬ್ಬೊಬ್ಬರ ಉಡಿಗೂ ಒಂದೊಂದು ಬೊಗಸೆ ಹಾಕತೊಡಗಿದರು. ಬೀಜದ ಕೆಲಸಕ್ಕೆ ಕೂಲಿ ಕೇಳುವಂತಿಲ್ಲ, ಬೀಜವನ್ನೇ ಕೊಡಬೇಕು ಎಂಬುದು ಇಲ್ಲಿನ ನಡವಳಿಕೆಯಂತೆ. ಆರು ಬೊಗಸೆಯವರೆಗೆ ತಡೆದುಕೊಂಡೆ.

"ಅವ್ವಾ, ಇರುವುದೇ ಇಷ್ಟು! ಅರ್ಧ ಹೋಯಿತು!"

"ಒಂದಾ ಬುಟ್ಯಾಗ ಇತ್ತು ಅಂತನಾ ಒಂದು ಬಾಟ್ಲಿಗಿ ಪುರಾ ಹೋಗತಿತ್ತು," ಎಂದು ನೀಲಮ್ಮ ಏಳನೆಯ ಬೊಗಸೆ ಹಾಕಿದರು. ಆ ಮನೆಗಳವರು ಮೂರು ವರ್ಷದಿಂದ ಈ ಜೋಳವನ್ನು ಕೇಳಿರಲಿಲ್ಲ. ಈಗ ಕೈ ಸವೆಸಿಕೊಂಡು ತಿಕ್ಕಿದ ಕಾಳನ್ನು ಎಸೆಯಲು ಯಾರಿಗೂ ಮನಸ್ಸಾಗಲಿಲ್ಲ. ಹೊಲದ ಬದುವಿನಲ್ಲಾದರೂ ನಾಲ್ಕು ಸಾಲು ಹಾಕುತ್ತೇವೆ ಎಂದು ಹೇಳಿ ಹೋದರು.

ಬುಧವಾರ ನೀಲಮ್ಮ ಎರಡು ಎಕರೆಯ ಬದಲು ಒಂದು ಮೂಲೆಯಲ್ಲಿ ದಟ್ಟವಾಗಿ ಬಿತ್ತಿದರು. ನಾನು ಮಧ್ಯಾಹ್ನದ ಬಸ್ಸು ಹಿಡಿದೆ. ತುಮಕೂರಿಗೆ ಬಂದು ವರದಿಯಲ್ಲಿ ಬರೆದೆ: ನಲವತ್ತೆಂಟರಲ್ಲಿ ಮೂವತ್ತಾರು ಪ್ಯಾನೆಲ್ ಸರಿ ಇವೆ, ಹನ್ನೆರಡು ಇಲ್ಲ, ನಮ್ಮ ಲೇಪ ತಿಕ್ಕಿದರೆ ಹೋಗುತ್ತದೆ, ಇದನ್ನು ಕಾಗದದಲ್ಲಿ ಸೇರಿಸಬೇಕು, ಬಾಟಲಿಯ ಮೇಲೆ ಬೀಜಕ್ಕೆ ಹಚ್ಚಬೇಡಿ ಎಂದೂ ಅಚ್ಚು ಹಾಕಿಸಬೇಕು. ಮೇಲ್ವಿಚಾರಕರು ಕೊನೆಯ ಸಾಲಿಗೆ ಸುತ್ತು ಹಾಕಿ, "ಇದನ್ನು ಯಾರು ಮಾಡ್ತಾರೆ?" ಎಂದು ಬರೆದರು.

ಒಂಬತ್ತನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಬಂದಾವ ಯವ್ವಾ," ಅಂದರು ನೀಲಮ್ಮ. "ಅಲ್ಲಲ್ಲಿ ಖಾಲಿ ಅದ, ಆದರ ಬಂದಾವ. ಬದುವಿನಾಗ ಹಾಕಿದವ್ರದೂ ಬಂದಾವ."

"ಎಷ್ಟು ಬಂದಿವೆ ಅವ್ವಾ?"

"ಅದು ನಿನ್ನ ಕೆಲಸ, ಬಂದು ಎಣಿಸ್ಕೊ. ಮತ್ತ ಬರೂವಾಗ ಆ ಬಾಟ್ಲಿ ಇನ್ನೊಂದು ತಾ. ಅಡಗಿ ಮನಿ ಮಾಳಿಗಿ ಸೋರಾಕತ್ತದ."